ಗೇಟಿನ ತನಕ ಅಮೃತವ್ವ

ಬೆಟಗೇರಿಯ ನೇಕಾರರ ಓಣಿಯಲ್ಲಿ ಹೆಂಗಸೊಬ್ಬಳು ಮನೆ ಬಿಟ್ಟು ಹೊರಟರೆ ಅದಕ್ಕೊಂದು ಕಾರಣ ಬೇಕಿತ್ತು. ನೀರು, ಸಂತೆ, ಗುಡಿ, ಬಾಣಂತಿ, ಹೆಣ. ಈ ಐದರಲ್ಲಿ ಒಂದೂ ಇಲ್ಲದೆ ಬೀದಿಗಿಳಿದವಳನ್ನು ಓಣಿ ಸುಮ್ಮನೆ ಬಿಡುತ್ತಿರಲಿಲ್ಲ. ಅಮೃತವ್ವ ಐವತ್ತೆರಡನೆಯ ವಯಸ್ಸಿನವರೆಗೂ ಈ ಕಾಯಿದೆಯನ್ನು ಪಾಲಿಸಿದಳು. ೧೯೭೯ರ ಚಳಿಗಾಲದಲ್ಲಿ, ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ಕುಳಿತವಳ ಎದೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಯಿತು. ರಾಟೆಯ ಮೇಲೆಯೇ ಒರಗಿದಳು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಬಂದಳು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಗಂಡ ಹುಚ್ಚೀರಪ್ಪನಿಗೂ ಕೇಳಿಸಿತ್ತು.

"ಗುಳಿಗಿ ತಪ್ಪಸಬ್ಯಾಡ್ರಿ. ಎರಡ ವಾರ ಅಂಗಳದಾಗ ಅಡ್ಡಾಡ್ರಿ. ಆಮ್ಯಾಲೆ ದಿನಾ ಮುಂಜಾನಿ ಹೊರಗ ನಡೀರಿ, ಸ್ವಲ್ಪ ಸ್ವಲ್ಪ ಹೆಚ್ಚಸ್ಕೊಂತ. ನೋವಾದ್ರ ಅಲ್ಲೇ ನಿಂದರ್ರಿ. ಹೃದಯ ಅಂದ್ರ ಮಾಂಸಖಂಡ ಐತ್ರಿ ಯವ್ವಾ, ಹದಕ್ಕ ದುಡಿಸಿದ್ರ ಗಟ್ಟಿ ಆಗತೈತಿ."

ಮಣಿಕಟ್ಟು ಹಿಡಿದು ನಾಡಿ ಎಣಿಸುವುದನ್ನೂ ಅವರೇ ಕಲಿಸಿದರು. ಹುಟ್ಟಿದಾಗಿನಿಂದ ಎಳೆ ಎಣಿಸಿದವಳಿಗೆ ಅದು ದೊಡ್ಡ ವಿದ್ಯೆಯೇನೂ ಆಗಿರಲಿಲ್ಲ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ತೊಂಬತ್ತು ಬಡಿತ.

ಹುಚ್ಚೀರಪ್ಪ ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದ. ಪಡಸಾಲೆಯಲ್ಲಿ ಹಾಸಿಗೆ ಹಾಸಿಸಿದ. ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಅದು ಪ್ರೀತಿಯೇ ಇರಬಹುದು. ಎರಡು ತಿಂಗಳ ಆ ಪ್ರೀತಿಯಿಂದ ಅಮೃತವ್ವ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುವಂತಾದಳು. ನಾಡಿ ತೊಂಬತ್ತಾರಕ್ಕೇರಿತ್ತು. ಹೀಗೇ ಮಲಗಿದರೆ ತಾನು ಏಳುವುದಿಲ್ಲ ಎಂಬ ಲೆಕ್ಕ ಅವಳಿಗೆ ಸ್ಪಷ್ಟವಾಗಿ ಸಿಕ್ಕಿತು.

ಒಂದು ಮುಂಜಾನೆ ಹುಚ್ಚೀರಪ್ಪ ಏಳುವ ಮೊದಲೇ ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಹೊರಬಿದ್ದಳು. ನೀರಿಗೆ ಹೊರಟವಳನ್ನು ಯಾರೂ ಕೇಳುವುದಿಲ್ಲ. ಮೊದಲ ವಾರ ಓಣಿಯ ಮೂಲೆಯ ಬೇವಿನಮರದ ತನಕ, ತಿಂಗಳಿಗೆ ರೈಲ್ವೆ ಗೇಟಿನ ತನಕ. ಗೇಟು ಕಾಯುವ ನಬಿಸಾಬನ ಕೋಣೆಯಲ್ಲಿ ಗಡಿಯಾರವಿತ್ತು. ಅವಳು ಕಲ್ಲಿನ ಮೇಲೆ ಕುಳಿತು ನಾಡಿ ಹಿಡಿದರೆ ಅವನು ಒಳಗಿನಿಂದ ಕೂಗುತ್ತಿದ್ದ: "ಹಾಂ, ಎಣಸ್ರಿ ಅಕ್ಕಾರ! ... ಆತ್ರಿ, ನಿಮಿಷ ಆತು!" ನೂರಾ ಇಪ್ಪತ್ತನಾಲ್ಕು. ಅದು ಇಳಿಯಲು ಹತ್ತು ನಿಮಿಷ.

ಎಡವಟ್ಟಾದದ್ದು ಕೊಡದಿಂದ. ಕೆಲಸಕ್ಕೆ ಹೊರಟವನ ಎದುರಿಗೆ ಖಾಲಿ ಕೊಡ ಬಂದರೆ ಕೆಲಸ ಕೆಟ್ಟಂತೆ ಎಂಬುದು ಓಣಿಯ ಕೂಸಿಗೂ ಗೊತ್ತು. ನೆಪ ಹುಡುಕುವ ಗಡಿಬಿಡಿಯಲ್ಲಿ ಅಮೃತವ್ವ ಅದನ್ನು ಮರೆತಿದ್ದಳು. ಸೀರೆಯ ಗಂಟು ಹೊತ್ತು ಗದಗಿನ ಪೇಟೆಗೆ ಹೋಗುವ ಯಂಕಪ್ಪ ದಿನವೂ ಅದೇ ಹೊತ್ತಿಗೆ ಎದುರಾಗುತ್ತಿದ್ದ. ಒಂದು ಸಂಜೆ ಬಂದು ಹುಚ್ಚೀರಪ್ಪನ ಪಕ್ಕ ಕಟ್ಟೆಯ ಮೇಲೆ ಕುಳಿತ.

"ಕಾಕಾ, ನಮ್ಮ ಕಾಕೂಗ ಒಂದ ಮಾತ ಹೇಳ್ರಿ. ಖಾಲಿ ಕೊಡಾ ಹಿಡ್ಕೊಂಡು ಎದುರಿಗೆ ಬರ್ತಾರ. ಮೂರ ಸರ್ತಿ ನನ್ನ ಗಂಟು ಹೋದಂಗ ವಾಪಸ ಬಂತು."

"ನಿನ್ನ ಸೀರಿ ಬಣ್ಣಾ ಬಿಡತಾವ ಯಂಕಪ್ಪಾ, ಅದಕ್ಕ ವಾಪಸ ಬರತಾವ," ಎಂದು ಅಮೃತವ್ವ ಒಳಗಿನಿಂದಲೇ ಹೇಳಿದಳು. "ಇರಲಿ. ನಾಳಿಂದ ಕೊಡಾ ತರೂದಿಲ್ಲ."

ಇನ್ನು ಅವಳು ಹೊರಬೀಳುವುದಿಲ್ಲ ಎಂದುಕೊಂಡು ಗಂಡಸರಿಬ್ಬರೂ ಸಮಾಧಾನದಿಂದ ಚಹಾ ಕುಡಿದರು. ಮರುದಿನ ಅವಳು ಬರಿಗೈಯಲ್ಲಿ ಹೊರಟಳು. ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದ ಕರೆವ್ವ ತಡೆದಳು.

"ಎಲ್ಲಿಗೆ ಹೊಂಟಿಯಬೇ ಅಮೃತಕ್ಕಾ?"

"ಎಲ್ಲಿಗೂ ಇಲ್ಲ. ನಡ್ಯಾಕ ಹೊಂಟೇನಿ."

"ನಡದು ಎಲ್ಲಿಗೆ?"

"ಹೊಳ್ಳಿ ಮನಿಗೆ."

ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಹುಚ್ಚೀರಪ್ಪ ಮಗ್ಗದ ಕುಣಿಯಿಂದ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ.

"ಮಂದಿ ಹುಚ್ಚಿ ಅನ್ನಾಕತ್ತಾರ. ನಡುಬೀದ್ಯಾಗ ಎದಿ ಹಿಡ್ಕೊಂಡ ಬಿದ್ರ ಯಾರ ಎತ್ತಬೇಕಲೇ?"

"ಹಾಸಿಗ್ಯಾಗ ಸತ್ರೂ ಎತ್ತಾಕ ನಾಕ ಮಂದಿ, ಬೀದ್ಯಾಗ ಸತ್ರೂ ನಾಕ ಮಂದೀನ. ನಿಮಗೇನ ತ್ರಾಸು?"

ಮರುದಿನ ಬಾಗಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ. ಎಲ್ಲಿ ಎಂದು ಅವಳು ಕೇಳಲೂ ಇಲ್ಲ. ಗಂಡನ ದಪ್ಪ ಚರ್ಮದ ಚಪ್ಪಲಿಗಳನ್ನು ಮೆಟ್ಟಿ ಹೊರಟಳು. ಅವು ಕಾಲಿಗೆ ದೊಡ್ಡವು. ಪಟ್ ಪಟ್ ಸದ್ದಿಗೆ ಮಲಗಿದ್ದ ಓಣಿ ಎದ್ದಿತು. ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವನಿಗೆ ಹಗಲೆಲ್ಲ ಚಪ್ಪಲಿ ಬೇಕಿಲ್ಲ, ಬೇಕಾದದ್ದು ಮುಂಜಾನೆ ಒಂದೇ ಹೊತ್ತು, ಬಯಲಿಗೆ ಹೋಗುವಾಗ. ಅದೇ ಹೊತ್ತಿಗೆ ಅವು ಗೇಟಿನ ದಾರಿಯಲ್ಲಿದ್ದವು. ಹುಚ್ಚೀರಪ್ಪ ಮೂರು ದಿನ ಜಾಲಿಮುಳ್ಳು ತುಳಿದ. ನಾಲ್ಕನೆಯ ದಿನ ಅವಳ ಚಪ್ಪಲಿಗಳು ಬಾಗಿಲಲ್ಲಿದ್ದವು.

ಹೊರಗೆ ನಡೆಯತೊಡಗಿ ಆರು ತಿಂಗಳಾದ ಮೇಲೆ ಡಾಕ್ಟರು ಪರೀಕ್ಷಿಸಿದರು. ಅವರು ಹೇಳುವ ಮೊದಲೇ ಅವಳು ಹೇಳಿದಳು: "ಕುಂತಾಗ ಎಪ್ಪತ್ತಾರ್ರಿ. ಗೇಟಿಗೆ ಮುಟ್ಟಿದಾಗ ನೂರಾ ನಾಕು. ಮೂರ ನಿಮಿಷಕ್ಕ ಇಳೀತೈತ್ರಿ."

ಡಾಕ್ಟರು ಎಣಿಸಿ ನೋಡಿದರು. ಎಪ್ಪತ್ತಾರು. ಹುಚ್ಚೀರಪ್ಪನ ಕಡೆ ತಿರುಗಿದರು.

"ಈಗ ಒಂದೊಂದ ಬಡಿತಕ್ಕ ಹೆಚ್ಚ ರಕ್ತ ನೂಕತೈತ್ರಿ. ಅದಕ್ಕ ಕಡಿಮಿ ಬಡಿತದಾಗ ಕೆಲಸಾ ಮುಗಸತೈತಿ. ಆದ್ರ ಗುಳಿಗಿ ಬಿಡೂದಲ್ಲ, ನಡ್ಯೂದೂ ಬಿಡೂದಲ್ಲ. ನೀವೂ ಜೋಡಿ ನಡೀರಲಾ?"

"ನನಗ ಮಗ್ಗ ಐತ್ರಿ," ಎಂದ ಹುಚ್ಚೀರಪ್ಪ.

ಅವನು ಒಂದು ದಿನವೂ ಜೊತೆಗೆ ಹೋಗಲಿಲ್ಲ. ಅವಳೂ ಕರೆಯಲಿಲ್ಲ. ಯಂಕಪ್ಪನಿಗೆ ಬರಿಗೈಯ ಹೆಂಗಸೂ ಅಪಶಕುನವೇ ಎನಿಸಿತೋ ಏನೋ, ಪೇಟೆಗೆ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗತೊಡಗಿದ. ಅಷ್ಟರಲ್ಲಿ ಗೇಟಿನ ದಾರಿ ಅಮೃತವ್ವನಿಗೆ ಸಾಲದಾಗಿತ್ತು. ಬರುವಾಗ ಅವಳೂ ಹಿಂದಿನ ಓಣಿಯಿಂದ ಸುತ್ತಿಕೊಂಡು ಬರುತ್ತಿದ್ದಳು. ಅವನು ಎದುರಾದರೆ ನಡಿಗೆ ನಿಧಾನ ಮಾಡುತ್ತಿರಲಿಲ್ಲ. ಮಾಡಿದರೆ ನಾಡಿಯ ಲೆಕ್ಕ ತಪ್ಪುತ್ತಿತ್ತು.