ಬಾಗಿಲ ಸಂದಿನ ಹಳದಿ

ಕಾರಿನ ಬಾನೆಟ್ಟಿನ ಮೇಲೆ ಮುಂಗೈ ಇಟ್ಟು ಜಟ್ಟೆಪ್ಪ ನಿಲ್ಲುತ್ತಾರೆ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವವರ ಹಾಗೆ. ಪುಣೆಯ ವಿಶ್ರಾಂತವಾಡಿಯ ಈ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡಿಸೆಂಬರಿನ ಮಂಜಿನಲ್ಲಿ ಹಾಲಿನವನ ಸೈಕಲ್ಲಿನ ಗಂಟೆ ಮಾತ್ರ ಕೇಳುತ್ತಿದೆ.

"ತಂಪ್ ಅದರೀ, ಹಚ್ಚಬಹುದು," ಎಂದು ಅವರು, ತಮ್ಮ ಕಸುಬಿನ ಬಗ್ಗೆ ಬರೆಯಲು ಬಂದ ನನಗೆ ಹೇಳಿ, ಮೇಣದ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. "ತಗಡು ಕಾದ ಮ್ಯಾಲ ಹಚ್ಚಿದ್ರ ಗೆರಿ ಗೆರಿ ಆಗಿ ಕುಂಡ್ರತದ. ಆಮ್ಯಾಲ ಎಷ್ಟ ತಿಕ್ಕಿದ್ರೂ ಬರೂದಿಲ್ಲ."

ಜನರ ಮನೆಯಂಗಳಕ್ಕೇ ಹೋಗಿ ಕಾರಿನ ಬಣ್ಣ ಕೆಡದಂತೆ ಕೋಟಿಂಗ್ ಹಚ್ಚುವುದು ಜಟ್ಟೆಪ್ಪನವರ ಕಸುಬು. ಸೈಕಲ್ಲಿನ ಹಿಂದೆ ಎರಡು ಬಕೆಟ್, ಮೇಣ, ಥಿನ್ನರ್, ಲ್ಯಾಕರಿನ ಸಣ್ಣ ಡಬ್ಬಿ, ಹಳೆಯ ಧೋತರದ ಮೆತ್ತನೆ ತುಂಡುಗಳು. ಅಂಗಡಿಯಿಲ್ಲ, ಬೋರ್ಡಿಲ್ಲ. ಮೊದಲು ತೊಳೆಯಬೇಕು, ಮಾಸಿದ ಪದರ ತಿಕ್ಕಿ ತೆಗೆಯಬೇಕು, ಬಣ್ಣ ಎದ್ದುಹೋದಲ್ಲಿ ಕುಂಚದಿಂದ ಲ್ಯಾಕರ್ ಮುಟ್ಟಿಸಬೇಕು, ಅದು ಒಣಗಿದ ಮೇಲೆ ಮೇಣ, ಆಮೇಲೆ ಹೊಳಪು ಬರುವವರೆಗೆ ಒರೆಸುವುದು. ದಿನಕ್ಕೆ ಒಂದು ಕಾರು ಮುಗಿದರೆ ಅದೇ ಹೆಚ್ಚು. ಮಳೆಗಾಲ ಹತ್ತಿರ ಬಂದಾಗ ಕೈಗೆ ಬಿಡುವಿರುವುದಿಲ್ಲ. ಮಳೆ ಹಿಡಿಯಿತೆಂದರೆ ಕೆಲಸವೇ ಇರುವುದಿಲ್ಲ.

ಜಟ್ಟೆಪ್ಪ ಶಹಾಪುರದ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಅವರ ಬೆನ್ನಿಗೇ ಬಂದವರು ಯೆರವಡಾದ ತಗಡಿನ ಮನೆಯಲ್ಲಿ ಬೇರೂರಿದರು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಕೋಣೆಯ ಹೆಲ್ಪರ್ ಆಗಿ ಕೆಲಸ ಕಲಿತರು. ತೊಂಬತ್ತರ ದಶಕದ ನಡುವೆ ಆ ಕಾರ್ಖಾನೆಗೆ ಬೀಗ ಬಿತ್ತು. ಕಲಿತ ವಿದ್ಯೆ ಸೈಕಲ್ಲೇರಿತು.

ಸೈಕಲ್ಲಿನ ಹಿಂದೆ ಹೆಂಡತಿ ಸಾವಂತ್ರವ್ವ ಇದ್ದರು. ಕೋಟಿಂಗ್ ಗಂಡನದು, ಒರೆಸುವ ಕೆಲಸ ಹೆಂಡತಿಯದು. "ನಾ ಹಚ್ಚಿದ್ದು ಬರೇ ಮೇಣರೀ. ಹೊಳಪು ಬರತಿದ್ದು ಅಕಿ ಕೈಯಾಗ," ಎನ್ನುತ್ತಾರೆ ಜಟ್ಟೆಪ್ಪ. "ಮಾರಿ ಕಾಣೂ ಹಂಗ ಒರಸಾಕಿ. ಒರಸಿದ ಗಾಡಿ ಎಷ್ಟೋ ಆದವು. ಒಳಗ ಕುಂತಿದ್ದು ಮಾತ್ರ ಒಂದೂ ಇಲ್ಲ."

ಸಾವಂತ್ರವ್ವನಿಗೆ ಒಂದು ರೂಢಿಯಿತ್ತು. ಜೇಜುರಿಯ ಖಂಡೋಬ ನಮ್ಮ ಕಡೆಯವರಿಗೆ ಮೈಲಾರಲಿಂಗ. ಅವನ ಭಂಡಾರ, ಅಂದರೆ ಅರಿಶಿನದ ಪುಡಿ, ಆಕೆಯ ಎಲೆಅಡಿಕೆ ಸಂಚಿಯಲ್ಲಿ ಸದಾ ಇರುತ್ತಿತ್ತು. ಕಾರು ಮುಗಿದೊಡನೆ ಮುಂದಿನ ಗಾಲಿಗೆ ಒಂದು ಚಿಟಿಕೆ ಹಚ್ಚಿ, "ಏಳಕೋಟಿ" ಎಂದು ಅವನ ಜಯಕಾರವನ್ನು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಯಾರ ಕಾರೋ, ಯಾರ ಪ್ರಯಾಣವೋ. ಹೋದವರು ಸುಖವಾಗಿ ಮನೆಗೆ ಬರಲಿ ಎಂಬುದಷ್ಟೇ ಆಕೆಯ ಲೆಕ್ಕ.

ಇವತ್ತು ಜಟ್ಟೆಪ್ಪನವರ ಮುಂದಿರುವ ಈ ಬಿಳಿ ಮಾರುತಿಯ ಮಾಲೀಕರು ಪಂಢರಿನಾಥ, ನಿವೃತ್ತ ಗುಮಾಸ್ತರು. ತೊಂಬತ್ತೇಳರಲ್ಲಿ, ಇಂಥದೇ ಮಂಜಿನ ಬೆಳಗ್ಗೆ, ಅವರ ಮಗಳ ನಿಶ್ಚಿತಾರ್ಥಕ್ಕೆ ಕಾರು ಸಿಂಗಾರವಾಗಬೇಕಿತ್ತು. ಕನ್ಯೆ ಕೂರುವ ಗಾಡಿ ಎಂದು ಕೇಳಿದ್ದೇ ಸಾವಂತ್ರವ್ವನಿಗೆ ಗಾಲಿ ಸಾಲಲಿಲ್ಲ. ಶುಭಕಾರ್ಯಕ್ಕೆ ಮನೆಯ ಬಾಗಿಲ ಚೌಕಟ್ಟಿಗೆ ಅರಿಶಿನ ಹಚ್ಚುವ ಹಾಗೆ, ಕಾರಿನ ಹಿಂದಿನ ಬಾಗಿಲು ತೆರೆದು, ಅದು ಬಂದು ಕೂರುವ ಒಳಸಂದಿನ ಕಂಬಕ್ಕೆ ಮೂರು ಬೆರಳಿನಿಂದ ಭಂಡಾರ ಎಳೆದರು.

ಅಲ್ಲಿ ಜಟ್ಟೆಪ್ಪ ಆಗಷ್ಟೇ ಲ್ಯಾಕರ್ ಮುಟ್ಟಿಸಿದ್ದರು.

"ಮೇಣಕ್ಕ ತಂಪ್ ಬೇಕರೀ, ಲ್ಯಾಕರಿಗೆ ಬಿಸಲು ಬೇಕು. ಆ ಥಂಡ್ಯಾಗ ಅದು ಆರಿದ್ದೇ ಇಲ್ಲ. ಅಕಿಗೆ ಗೊತ್ತಾಗಲಿಲ್ಲ, ನಾನೂ ಹೇಳಿದ್ದಿಲ್ಲ. ಹಳದಿ ಹಂಗ ಒಳಗ ಕುಂತಬಿಡ್ತು."

ಪಂಢರಿನಾಥರು ಕೂಗಾಡಿದರು. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಕೆಟ್ಟವರಲ್ಲ. ಹೊರಡುವ ಹೊತ್ತಾಗಿತ್ತು, ಬಾಗಿಲು ಮುಚ್ಚಿದರೆ ಕಾಣುವುದೂ ಇಲ್ಲ ಎಂದು ಅಲ್ಲಿಗೆ ಬಿಟ್ಟರು. ಆದರೆ ಮುಂದಿನ ಸಲ ಆ ಹೆಂಗಸು ಗಾಡಿ ಮುಟ್ಟಬಾರದು ಎಂದು ಮರಾಠಿಯಲ್ಲಿ ಕಟ್ಟಪ್ಪಣೆಯಾಯಿತು. ಮುಂದಿನ ವರ್ಷ ಸಾವಂತ್ರವ್ವ ಗೇಟಿನ ಹೊರಗೇ ಕುಳಿತು ಬಟ್ಟೆ ಹರಿದುಕೊಟ್ಟರು. ಅದರಾಚಿನ ವರ್ಷ ಆಕೆ ಇರಲಿಲ್ಲ. ಮಳೆಗಾಲದ ಜ್ವರವೊಂದು ವಾರದೊಳಗೆ ಆಕೆಯನ್ನು ಒಯ್ದಿತು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಈ ಮಾತು ಬರೆಯುವಾಗ ನನಗೇ ಸಂಕಟವಾಗುತ್ತದೆ, ಆ ಮನುಷ್ಯ ಅದನ್ನು ಹೇಳಿದ್ದು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತ.

ಆಕೆ ಹೋದ ಮೇಲೆ ಪಂಢರಿನಾಥರು ಒಮ್ಮೆ ಆ ಕಲೆ ತೆಗೆಯಲು ಹೇಳಿದ್ದುಂಟು. ತೆಗೆದರೆ ಬಣ್ಣವೇ ಕಿತ್ತುಬರುತ್ತದೆ ಎಂದರು ಜಟ್ಟೆಪ್ಪ. "ಈ ಕೆಲಸದಾಗ ನಾ ಹೇಳಿದ ಸುಳ್ಳು ಅದೊಂದ ನೋಡ್ರಿ," ಎನ್ನುತ್ತಾರೆ. ಅಂದಿನಿಂದ ಪ್ರತಿ ವರ್ಷ ಇಡೀ ಕಾರಿಗೆ ಒಂದು ಕೈ ಮೇಣವಾದರೆ, ಆ ಮೂರು ಗೆರೆಗೆ ಎರಡು ಕೈ. ಊರ ತುಂಬ ಕಾರುಗಳಿಗೆ ಹೊಳಪು ಕೊಟ್ಟ ಆಕೆಯ ಕೈಗುರುತು ಉಳಿದಿರುವುದು ಇದೊಂದೇ ಕಾರಿನಲ್ಲಿ. ಬೇರೆಯವರ ಬಾಗಿಲಿಗೆ ವರ್ಷಕ್ಕೊಮ್ಮೆ ಬಂದು ಹೆಂಡತಿಯನ್ನು ನೋಡಿಕೊಂಡು ಹೋಗುವ ಭಾಗ್ಯ ಯಾರಿಗೂ ಬೇಡ.

ಈಗ ಎರಡು ಸಾವಿರದ ನಾಲ್ಕು. ಪಂಢರಿನಾಥರಿಗೆ ಕಣ್ಣು ಮಂಜು, ಕಾರು ಮಾರುತ್ತಿದ್ದಾರೆ. ಕೊಳ್ಳುವವನು ಮಧ್ಯಾಹ್ನ ಬರುತ್ತಾನೆ. ಮೊನ್ನೆ ನೋಡಲು ಬಂದಾಗ ಆ ಹಳದಿ ಕಂಡು, ಇದು ಒಳಗಿನಿಂದ ಎದ್ದ ತುಕ್ಕು ಎಂದು ಮೂಗು ಮುರಿದನಂತೆ. ಪಂಢರಿನಾಥರು ಬಾಲ್ಕನಿಯಿಂದಲೇ ಕೂಗುತ್ತಾರೆ, "ಜಟ್ಟೆಪ್ಪಾ, ತೋ ಪಿವಳಾ ಡಾಗ್ ಆಜ್ ಕಾಢಾಯಚಾ!" ಆ ಹಳದಿ ಕಲೆ ಇವತ್ತು ತೆಗೆಯಲೇಬೇಕು.

"ಹೋ ಸಾಹೇಬ," ಎಂದು ಒಪ್ಪಿಕೊಳ್ಳುತ್ತಾರೆ ಜಟ್ಟೆಪ್ಪ.

ಇಡೀ ಕಾರು ಮುಗಿಯುತ್ತದೆ. ಬಾನೆಟ್ಟಿನಲ್ಲಿ ಎದುರಿನ ಬೇವಿನ ಮರ ಎಲೆಯೆಲೆಯಾಗಿ ಕಾಣುತ್ತದೆ. ಹಿಂದಿನ ಬಾಗಿಲೊಂದನ್ನು ಮಾತ್ರ ಜಟ್ಟೆಪ್ಪ ಇನ್ನೂ ತೆರೆದಿಲ್ಲ. ಬಿಸಿಲು ಏರುತ್ತಿದೆ. ನನಗೆ ತಡೆಯಲಾಗುವುದಿಲ್ಲ. "ನಾನು ಹೋಗಿ ಸಾಹೇಬರಿಗೆ ಹೇಳಲೇ? ಕೇಳಿದರೆ ಅವರೇ ಬೇಡ ಅಂದಾರು."

"ಏನಂತ ಹೇಳತೀರಿ? ಬೆರಳ ಗುರುತು ನಮ್ಮಾಕಿದು ಖರೇ, ಆದ್ರ ಬಾಗಲಾ ಅವರದಲ್ರೀ?" ಎಂದು ಅವರು ತಲೆಯಾಡಿಸುತ್ತಾರೆ. "ಅವರ ಇರ್ಲಿ ಬಿಡು ಅಂದ್ರೂ ಗಾಡಿ ನಾಳಿ ಯಾವ ಊರಿಗೆ ಹೋಗ್ತದೋ. ಅಲ್ಲಿ ಯಾರರ ತುಕ್ಕು ಅಂತ ಕೆರದು ಒಗೀತಾರ. ಅದಕ್ಕಿಂತ ನನ್ನ ಕೈಲೇ ಆಗಲಿ."

ಬಾಗಿಲು ತೆರೆಯುತ್ತದೆ. ಬಿಳಿಯ ಕಂಬದ ಮೇಲೆ ಮೂರು ಹಳದಿ ಗೆರೆ, ಕೊನೆಯದು ಸ್ವಲ್ಪ ಗಿಡ್ಡ. ಉಂಗುರಬೆರಳು ಪೂರ್ತಿ ಊರಿರಲಿಲ್ಲ. ಜಟ್ಟೆಪ್ಪ ಗೆರೆಗಳ ಮೇಲೆ ತಮ್ಮ ಮೂರು ಬೆರಳಿಟ್ಟು ನೋಡುತ್ತಾರೆ. ಅವರ ಬೆರಳು ದಪ್ಪ, ಹೊಂದುವುದಿಲ್ಲ. ಇನ್ನೂ ಬಳಸದ ಧೋತರದ ತುಂಡಿಗೆ ಥಿನ್ನರ್ ಹನಿಸುತ್ತಾರೆ. ಆಕೆ ಕಾರು ಒರೆಸುತ್ತಿದ್ದಂತೆಯೇ ಸುತ್ತುಸುತ್ತಾಗಿ, ಒತ್ತದೆ, ಒರೆಸುತ್ತಾರೆ. ಕಣ್ಣಲ್ಲಿ ನೀರು ಬಂದಿದೆ. "ಥಿನ್ನರಿನ ಘಾಟು," ಎನ್ನುತ್ತಾರೆ, ನಾನು ಕೇಳದಿದ್ದರೂ.

ಬಣ್ಣ ಕಿತ್ತುಬರುವುದಿಲ್ಲ. ಕಂಬ ಹೊಸದರಂತೆ ಬೆಳ್ಳಗಾಗುತ್ತದೆ. ಪಂಢರಿನಾಥರು ಕೆಳಗಿಳಿದು ಬಂದು, ಬೆರಳಾಡಿಸಿ ನೋಡಿ, ಬಹಳ ಖುಷಿಪಡುತ್ತಾರೆ. ಇಷ್ಟು ವರ್ಷ ಆಗದ್ದು ಇವತ್ತು ಹೇಗಾಯಿತು ಎಂದು ಅವರು ಕೇಳುವುದಿಲ್ಲ.

ಸೈಕಲ್ ಹತ್ತುವ ಮೊದಲು ಜಟ್ಟೆಪ್ಪ ಉಳಿದ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುತ್ತಾರೆ. ಆ ಒಂದು ತುಂಡನ್ನು ಮಾತ್ರ ಅಂಗೈ ಮೇಲೆ ಹರವಿ ಬೆಳಕಿಗೆ ಹಿಡಿಯುತ್ತಾರೆ. ಅರಿಶಿನ ಇವತ್ತೇ ಹಚ್ಚಿದಷ್ಟು ಹಳದಿಯಾಗಿದೆ.

"ಇಷ್ಟ ವರ್ಷ ಆತು, ಒಂಚೂರರ ಮಾಸೇದೇನ್ ನೋಡ್ರಿ," ಎನ್ನುತ್ತಾರೆ. "ನಾ ಹಚ್ಚಿದ್ದ ಕೋಟಿಂಗ್ ರೀ ಅದು."