ಅರಿಸಿನದಲ್ಲಿ ಬರೆದ 142857
ತೊಂಬತ್ತರ ದಶಕದ ಒಂದು ಬೇಸಿಗೆ ರಜೆ. ಹರವೆ ಊರಿನ ಅಜ್ಜಿ ಮನೆಯಲ್ಲಿ ನಾವು ಆರು ಮೊಮ್ಮಕ್ಕಳು ಅರಿಸಿನ ಕಲಸಿ, ಅಂಗೈಗೆ 142857ರ ಒಂದೊಂದು ಅಂಕಿ ಬರೆದುಕೊಂಡು ದುಂಡಗೆ ನಿಂತೆವು. ಲೆಕ್ಕದ ಹುಚ್ಚು ನನ್ನದೇ. ಆ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದಾದರೆ 428571. ಆರರವರೆಗೂ ಅದೇ ಸುತ್ತು. ಯಾರೂ ಜಾಗ ಬಿಡಬೇಕಿಲ್ಲ, ಓದಲು ಶುರುಮಾಡುವ ಕೈ ಮಾತ್ರ ಬೇರೆ.

ಅಂಗೈಗೆ 1 ಬರೆದುಕೊಂಡಿದ್ದ ಪುಟ್ಟ ತಂಗಿ ಮುಖ ಊದಿಸಿದಳು. "ಎಷ್ಟು ಸುತ್ತಿದ್ರೂ ನಂದೇ ಚಿಕ್ಕುದು!"

"ತಡಿ ಕಣಮ್ಮಿ, ಏಳರಿಂದ ಗುಣಿಸ್ಬುಡನ," ಎಂದೆ.

ಬಂದದ್ದು 999999! ಎಲ್ಲರೂ ಅಂಗೈಯಲ್ಲಿ ಒಂಬತ್ತು ತಿದ್ದಿಕೊಂಡೆವು.

ಊಟದ ಹೊತ್ತಿಗೆ ಸೋಪು ಹಾಕಿ ಉಜ್ಜಿದರೂ ಅರಿಸಿನ ಹೋಗಲಿಲ್ಲ. ಒಬ್ಬಟ್ಟು ಬಡಿಸುತ್ತಿದ್ದ ಅಜ್ಜಿಗೆ ತಂಗಿ ಅಂಗೈ ತೋರಿಸಿದಳು: "ನಂಗೆ ಇಷ್ಟು ಆಕಜ್ಜಿ!"

ಅಜ್ಜಿ ನಗುತ್ತಾ ತಲೆ ಎತ್ತಿದರೆ, ತಂಗಿಯ ಹಿಂದೆ ಇನ್ನೂ ಐದು ಒಂಬತ್ತುಗಳು ಕೈಚಾಚಿ ನಿಂತಿದ್ದವು.