ಬೆಳೆಹಬ್ಬಕ್ಕೆ ನಮ್ಮನ್ನು ತಂದವರು

ನಮ್ಮ ಆರ್ಗನ್ ಮಾಸ್ಟ್ರ ಎರಡೂ ಪಾದಗಳಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಒಣಕೊಬ್ಬರಿಯ ಚೂರಿನಂಥ ಗಟ್ಟಿ ಚರ್ಮವಿತ್ತು. ನಮ್ಮ ಕ್ರೈಸ್ತ ದೇವಾಲಯದ ಮೆಟ್ಟಿಲಲ್ಲಿ ಜೋಡು ಕಳಚಿಟ್ಟು, ಬರಿಗಾಲಿನಲ್ಲೇ ಆರ್ಗನ್ನಿನ ತುಳಿಮಣೆಗಳನ್ನು ತುಳಿಯುವುದು ಅವರ ಪದ್ಧತಿ. ತುಳಿದರೆ ತಿದಿಗೆ ಗಾಳಿ, ಗಾಳಿ ಇದ್ದರೆ ಸ್ವರ. ಆ ಅಭ್ಯಾಸ ಮೈಗೆ ಎಷ್ಟು ಹತ್ತಿತ್ತೆಂದರೆ, ಪಾದ್ರಿ ಅಯ್ಯನವರು ಪ್ರಸಂಗ ಮಾಡುವಾಗ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರೂ ಅವರ ಮೊಣಕಾಲುಗಳು ಒಂದಾದ ಮೇಲೊಂದು ಏಳುತ್ತ ಇಳಿಯುತ್ತ ಇರುತ್ತಿದ್ದವು. ಬೆಂಚು ನಡುಗುವುದು. "ಮಾಸ್ಟ್ರೇ, ಮೆಲ್ಲ ತುಳೀರಿ, ನಂಗೆ ದೋಣಿಯಲ್ಲಿ ಕೂತ ಹಾಗೆ ಆಗ್ತದೆ" ಎಂದು ಪಕ್ಕದಲ್ಲಿ ಕೂತ ನನ್ನ ಗೆಳೆಯ ಎಸ್ರ ಪಿಸುಗುಟ್ಟುವನು. ಅವರು ನಗದೆ, ತಿರುಗಿಯೂ ನೋಡದೆ, ಅವನ ತೊಡೆಯನ್ನು ಚಿವುಟುವರು.

"ನಮ್ಮಪ್ಪ ಮಿಶನ್ನಿನ ಮಗ್ಗ ತುಳಿದ್ರು, ನಾನು ಆರ್ಗನ್ ತುಳಿದೆ" ಎನ್ನುತ್ತಿದ್ದರು. "ವ್ಯತ್ಯಾಸ ಎಂತ ಗೊತ್ತುಂಟಾ? ಮಗ್ಗಕ್ಕೆ ಸಂಬಳ ಇತ್ತು."

ಇದು ಅವರ ತಮಾಷೆ. ಅವರನ್ನು ಒಳಗಿನಿಂದ ತಿಂದ ಚಿಂತೆಯೂ ಇದೇ.

ಎಸ್ರನೂ ನಾನೂ ಹಂಚಿನ ಕಾರ್ಖಾನೆಯಲ್ಲಿ ಒಟ್ಟಿಗೆ ದುಡಿಯುತ್ತಿದ್ದವರು. ಹಗಲಿಡೀ ಹಸಿ ಹಂಚುಗಳನ್ನು ಹಲಗೆಯ ಮೇಲೆ ಒಣಗಲು ಜೋಡಿಸಿ, ಸಂಜೆ ಕೈಯ ಮಣ್ಣು ತೊಳೆದು ನೇರವಾಗಿ ಮಾಸ್ಟ್ರ ಮನೆಗೆ. ನಾನು ಆರ್ಗನ್ ಕಲಿಯುತ್ತಿದ್ದೆ. ಎಸ್ರನದ್ದು ನಾಲ್ಕು ಸ್ವರದ ಹಾಡಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ. ಅವನು ಬಾಯಿ ತೆರೆದರೆ ಮೇಜಿನ ಮೇಲಿನ ಚಿಮಿಣಿಯ ಗಾಜು ಗುಂಯ್‌ಗುಡುತ್ತಿತ್ತು. ಅಂಥ ಶಾರೀರ ನಮ್ಮ ದೇವಾಲಯದ ಸಭೆಯಲ್ಲಿ ಹಿಂದೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮಾಸ್ಟ್ರು ಪಾಠಕ್ಕೆ ಮೊದಲು ಕೇಳುತ್ತಿದ್ದದ್ದು ಸ್ವರವನ್ನಲ್ಲ. "ಎಂತ ಉಂಡಿದ್ದಿ?" ಎಂದು ಒಬ್ಬೊಬ್ಬರನ್ನೂ ವಿಚಾರಿಸುವರು. ಉತ್ತರಕ್ಕೆ ಯಾರಾದರೂ ತಡವರಿಸಿದರೆ ಒಳಕ್ಕೆ ಕೂಗುವರು: "ಇವಳೇ, ಗಂಜಿ ಉಂಟಾ?" ಅವರ ಹೆಂಡತಿಯನ್ನು ನಾವು ಅಮ್ಮ ಎಂದೇ ಕರೆಯುತ್ತಿದ್ದೆವು. ಒಂದು ಬಟ್ಟಲು ಗಂಜಿ, ಒಂದಿಷ್ಟು ಉಪ್ಪಿನಕಾಯಿ ಬರುವುದು. ಅದು ಮುಗಿದ ಮೇಲೆಯೇ ಹಾಡು. "ಖಾಲಿ ಹೊಟ್ಟೆಯವನು ಉಸಿರು ಕದೀತಾನೆ, ಸಾಲಿನ ಕೊನೆಗೆ ಸಿಕ್ಕಿಬೀಳ್ತಾನೆ" ಎನ್ನುವರು.

ಅಷ್ಟರಲ್ಲಿ ದೊಡ್ಡ ಯುದ್ಧ ಬಂತು. ನಮ್ಮ ಮಿಶನ್ನಿನ ಜರ್ಮನ್ ದೊರೆಗಳನ್ನು ಸರಕಾರ ಶತ್ರುಗಳೆಂದು ಕರೆದುಕೊಂಡು ಹೋಯಿತು. ಅವರ ಹಿಂದೆಯೇ ಒಂದೊಂದಾಗಿ ಎಲ್ಲವೂ ಹೋಯಿತು. ಮಾಸ್ಟ್ರಿಗೆ ಅನ್ನ ಕೊಡುತ್ತಿದ್ದದ್ದು ಶಾಲೆಯ ಸಂಗೀತದ ಪಾಠ, ಆರ್ಗನ್ ಅಲ್ಲ. ಆರ್ಗನ್ ಯಾವತ್ತೂ ಧರ್ಮಕ್ಕೆ. ಶಾಲೆಯಲ್ಲಿ ಖರ್ಚು ಕಡಿಮೆ ಮಾಡುವಾಗ ಮೊದಲು ಕತ್ತರಿ ಬಿದ್ದದ್ದು ಸಂಗೀತಕ್ಕೆ. ಕಾರ್ಖಾನೆಯ ಹಂಚು ಹಡಗು ಹತ್ತದೆ ನದಿಯ ಬದಿಯಲ್ಲೇ ಉಳಿಯಿತು. ಸ್ವಲ್ಪ ದಿನದಲ್ಲಿ ಭಟ್ಟಿಯೂ ಆರಿತು. ಹಾಡುವ ಹುಡುಗರು ಕೊಡಗಿನ ಕಾಫಿತೋಟಕ್ಕೆ, ಬೊಂಬಾಯಿಯ ಹೋಟೆಲಿಗೆ ಚದುರಿದರು. ಸಂಜೆಯ ಪಾಠಕ್ಕೆ ಉಳಿದದ್ದು ಎಸ್ರ ಮತ್ತು ನಾನು.

ಮಾಸ್ಟ್ರು ಸಭೆಯ ಹಿರಿಯರ ಮುಂದೆ ಹೋದರು. ನಾವಿಬ್ಬರೂ ಹೊರಗೆ ಕಿಟಕಿಯ ಕೆಳಗೆ ನಿಂತು ಕೇಳಿದೆವು.

"ಆರ್ಗನಿಗೆ ಒಬ್ಬ, ಹಾಡು ಕಲಿಸ್ಲಿಕ್ಕೆ ಒಬ್ಬ. ಇಬ್ಬರಿಗೆ ಜೀವನಕ್ಕೆ ಒಂದು ದಾರಿ ಮಾಡಿಕೊಡಿ. ನನಗೆ ಬೇಡ. ಈ ಮಕ್ಕಳಿಗೆ" ಎಂದರು.

ಉತ್ತರ ಕೊಟ್ಟವರು ಸಭೆಯ ಖಜಾಂಚಿ. ಕೆಟ್ಟವರಲ್ಲ, ಕೈ ಬಿಗಿ ಅಷ್ಟೆ. "ದೇವರ ಸ್ತೋತ್ರಕ್ಕೆ ಕೂಲಿ ಕೇಳುದಾ ಮಾಸ್ಟ್ರೇ?"

"ಗಂಟೆ ಹೊಡಿಯುವವನಿಗೆ ಕೊಡ್ತೀರಲ್ಲ?"

"ಅದು ಕೆಲಸ."

"ಇದು ಎಂತ?"

"ಇದು ಭಕ್ತಿ."

"ಹಾಗಾದ್ರೆ ಆ ಭಕ್ತಿ ಮಧ್ಯಾಹ್ನ ಯಾರ ಮನೆಯಲ್ಲಿ ಊಟ ಮಾಡ್ಬೇಕು? ಅದನ್ನು ಹೇಳಿ."

ಒಳಗೆ ಯಾರೋ ಕೆಮ್ಮಿದರು. ಅಯ್ಯನವರು ಪ್ರಾರ್ಥನೆ ಮಾಡಿ ಕೂಟ ಮುಗಿಸಿದರು.

ಆ ವರ್ಷದ ಬೆಳೆಹಬ್ಬ ಬಂತು. ನಮ್ಮಲ್ಲಿ ಅದೊಂದು ಸಂಭ್ರಮ. ಪ್ರತಿ ಮನೆಯವರೂ ತಾವು ಬೆಳೆದದ್ದರಲ್ಲಿ ಒಳ್ಳೆಯದನ್ನು ದೇವರಿಗೆಂದು ತರಬೇಕು. ಸಿಹಿಗುಂಬಳ, ಬಾಳೆಗೊನೆ, ಕಾಲು ಕಟ್ಟಿದ ಊರಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಏಲಂ ಹಾಕುವುದು, ಹೆಚ್ಚು ಬೆಲೆ ಕೂಗಿದವರಿಗೆ ಕೊಡುವುದು. ಏಲಂ ನೋಡಲು ನೆರೆಯ ಹಿಂದೂಗಳೂ ಬರುವರು. ಕೋಳಿ ಅಗ್ಗಕ್ಕೆ ಸಿಕ್ಕಿದರೆ ಬೇಡ ಎನ್ನುವವರು ಯಾರು? ಕೂಗುವ ಕೆಲಸ ಖಜಾಂಚಿಯವರದ್ದು.

ಬಾಳೆಗೊನೆ ಹೋಯಿತು. ಕುಂಬಳ ಹೋಯಿತು. ಆಗ ಮಾಸ್ಟ್ರು ನಮ್ಮಿಬ್ಬರ ಮಣಿಕಟ್ಟು ಹಿಡಿದು, ಜನರನ್ನು ಸರಿಸಿಕೊಂಡು, ಕೋಳಿಗಳ ಪಕ್ಕದಲ್ಲಿ ತಂದು ನಿಲ್ಲಿಸಿದರು.

"ಬೆಳೆದದ್ದನ್ನು ತನ್ನಿ ಅಂದ್ರಿ. ನನಗೆ ಗದ್ದೆ ಇಲ್ಲ, ಹಿತ್ತಿಲು ಇಲ್ಲ. ನಾನು ಬೆಳೆದದ್ದು ಇದು. ಕೂಗಿ."

ಮೊದಲು ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ, "ಎಂತ ಮಾಸ್ಟ್ರೇ, ಇವರನ್ನು ಸುಕ್ಕ ಮಾಡುದಾ, ಗಸಿ ಮಾಡುದಾ?" ಎಂದರು. ಇನ್ನೊಬ್ಬರು, "ಎಸ್ರನಲ್ಲಿ ಬರೀ ಎಲುಬು ಮಾರಾಯ್ರೇ!" ಎಂದರು. ಎಸ್ರನೂ ನಗಲು ನೋಡಿದ. ಮಾಸ್ಟ್ರ ಮುಖ ನೋಡಿದವನು ಅರ್ಧಕ್ಕೇ ನಿಲ್ಲಿಸಿದ.

ಅಯ್ಯನವರು ಧಾವಿಸಿ ಬಂದರು. "ಮನುಷ್ಯರನ್ನು ಏಲಂ ಹಾಕುದಾ? ದೇವಾಲಯದ ಅಂಗಳದಲ್ಲಿ?"

"ಏಲಂ ಅಲ್ಲ ಅಯ್ಯನವರೇ, ಕಾಣಿಕೆ. ಯಾರೂ ಕೂಗದಿದ್ರೆ ಕೊಳೀತದೆ, ಅಷ್ಟೆ."

ನಾನು ನನ್ನ ಕಾಲಬೆರಳನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತಿನ ಮೇಲೋ, ಕಾವೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ವಿಧವೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಮಂಗಳವಾರ ನನ್ನ ಮನೆಯಲ್ಲಿ ಉಣ್ಲಿ. ಇದ್ದದ್ದನ್ನು ಹಾಕ್ತೇನೆ." ಆಮೇಲೆ ಇನ್ನೊಂದು ಮನೆಯವರು ಗುರುವಾರ ಎಂದರು. ಶನಿವಾರಕ್ಕೂ ಒಬ್ಬರು ಒಪ್ಪಿದರು. ಅಷ್ಟಕ್ಕೇ ನಿಂತಿತು. ಖಜಾಂಚಿಯವರು ಕೋಳಿಯನ್ನು ಎತ್ತಿ ಹಿಡಿದರು.

ಮನೆಗೆ ಹೋಗುವಾಗ ಮಾಸ್ಟ್ರು ಗೆದ್ದವರ ಹಾಗೆ ಮಾತಾಡಿದರು. "ಬ್ರಾಹ್ಮಣರ ಮಕ್ಕಳು ವಾರಾನ್ನ ಉಂಡು ಓದುದಿಲ್ವಾ? ದಿನಕ್ಕೊಂದು ಮನೆ. ನೀವು ಉಂಡು ಹಾಡಿ. ಉಳಿದ ದಿನಕ್ಕೆ ನಮ್ಮ ಮನೆ ಉಂಟು." ಉಳಿದ ದಿನಕ್ಕೆ ಅವರ ಮನೆಯಲ್ಲಿ ಎಂತ ಇತ್ತೆಂದು ನಮಗೆ ಗೊತ್ತಿತ್ತು. ಅಮ್ಮ ಗಂಜಿಗೆ ನೀರು ಹೆಚ್ಚಿಸುತ್ತ ಹೋದರು. ಕೊನೆಕೊನೆಗೆ ಅನ್ನದ ಅಗುಳನ್ನು ಬಟ್ಟಲಿನ ತಳದಲ್ಲಿ ಹುಡುಕಬೇಕಿತ್ತು.

ನಾನು ಹೇಗೋ ಉಂಡೆ. ಹೆಣ ಬಿದ್ದ ಮನೆ, ಮದುವೆಯ ಮನೆ, ಎಲ್ಲಿ ಹಾಡು ಬೇಕೋ ಅಲ್ಲಿಗೆ ಹೋದೆ. ಎಸ್ರನಿಗೆ ಆಗಲಿಲ್ಲ. ಉಣ್ಣಲು ಕರೆದ ಒಂದು ಮನೆಯ ಮಗು ತಟ್ಟೆಯನ್ನೇ ನೋಡುತ್ತ ನಿಂತದ್ದನ್ನು ಅವನು ಮರೆಯಲಿಲ್ಲ. ಬೇಸಗೆಯಲ್ಲಿ ಒಂದು ಸಂಜೆ ಪಾಠದ ನಡುವೆಯೇ ಹೇಳಿದ:

"ಮಾಸ್ಟ್ರೇ, ಅವರು ಅನ್ನ ಹಾಕುದು ನನ್ನ ಹಾಡಿಗಲ್ಲ. ನನ್ನ ಹಸಿವಿಗೆ. ನಾನು ಬೊಂಬಾಯಿಗೆ ಹೋಗ್ತೇನೆ."

ಮಾಸ್ಟ್ರು ಹಾಡಿನ ಪುಸ್ತಕ ಮುಚ್ಚಿದರು. "ಅಲ್ಲಿ ಹಾಡ್ತೀಯಾ?"

"ತಟ್ಟೆ ತೊಳೀತೇನೆ."

ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗಿಗೆ ಬಂದರಿನ ಧಕ್ಕೆಯ ಕಟ್ಟೆಯಿಂದ ಅವನು ದೋಣಿ ಹತ್ತಿದ. ಮಾಸ್ಟ್ರು ನೀರಿನ ಅಂಚಿಗೆ ಹೋಗಿ, ಮೂಟೆ ಹೊರುವವರ ಗದ್ದಲದ ನಡುವೆ, "ಶೀತಕ್ಕೆ ಕುತ್ತಿಗೆ ಬಿಟ್ಟು ಮಲಗ್ಬೇಡ, ಸ್ವರ ಹೋಗ್ತದೆ!" ಎಂದು ಕೂಗಿದರು. ಎಸ್ರ ತಲೆ ಎತ್ತಲಿಲ್ಲ. ದೋಣಿ ದೂರವಾದ ಮೇಲೆ ಅವರು ಒಂದು ಹಗ್ಗದ ಸುರುಳಿಯ ಮೇಲೆ ಕುಳಿತುಬಿಟ್ಟರು. "ನಾನು ಇವನಿಗೆ ಯಾಕೆ ಕಲಿಸಿದೆ ಮಾರಾಯ? ಕಲಿಸದಿದ್ರೆ ಇಷ್ಟು ನೋವಿರ್ತಿರ್ಲಿಲ್ಲ. ಅವನಿಗೂ, ನನಗೂ." ಎಸ್ರ ಮತ್ತೆ ಬರಲಿಲ್ಲ. ಹೇಗಿದ್ದಾನೆಂದು ತಿಳಿಯಲೂ ಇಲ್ಲ.

ಮರುದಿನದಿಂದ ಮಾಸ್ಟ್ರು ಒಂದು ಹೊಸ ಕ್ರಮ ಹಿಡಿದರು. ಸಂಜೆಯಾದರೆ ಖಜಾಂಚಿಯವರ ಮನೆಗೆ ಹೋಗಿ ಜಗಲಿಯ ತುದಿಯಲ್ಲಿ ಕುಳಿತುಕೊಳ್ಳುವುದು. ಮಾತಿಲ್ಲ, ಜಗಳವಿಲ್ಲ. ಕೇಳಿದರೆ ಮಾತ್ರ, "ಒಬ್ಬ ಹೋದ. ಇನ್ನೊಬ್ಬನೂ ಹೋಗುವ ಮೊದಲು ಹೇಳಿಬಿಡಿ" ಎನ್ನುವರು. ಖಜಾಂಚಿಯವರು ಬೈದರು. ನಕ್ಕರು. ಹಿಂಬಾಗಿಲಿನಿಂದ ಉರ್ವದ ಕಡೆಗೆ ತಪ್ಪಿಸಿಕೊಂಡು ಹೋಗಿ ಬಂದರು. ಬಂದಾಗ ಇವರು ಅಲ್ಲೇ ಇದ್ದರು. ಮಳೆ ಹಿಡಿಯಿತು. ಜಗಲಿಗೆ ಎರಚಲು ಹೊಡೆಯುತ್ತಿತ್ತು. ಖಜಾಂಚಿಯವರ ಹೆಂಡತಿ ಕಾಫಿ ತಂದಿಟ್ಟು ಗಂಡನಿಗೆ ಕೇಳುವಂತೆ ಗೊಣಗುವರು: "ಮನುಷ್ಯ ನೆನೀತಾನೆ, ನಿಮಗೆ ಕಣ್ಣಿಲ್ವಾ?" ನಾನು ಛತ್ರಿ ಹಿಡಿದುಕೊಂಡು ಕರೆಯಲು ಹೋದರೆ, "ನೀನು ಹೋಗಿ ಅಭ್ಯಾಸ ಮಾಡು. ಕೂರುವ ಕೆಲಸ ನನ್ನದು" ಎಂದು ಗದರುವರು. ಅವರ ಕೆಮ್ಮು ಆಗಲೇ ಎದೆಗೆ ಇಳಿದಿತ್ತು.

ಮಳೆ ಬಿಡದ ಆಟಿ ತಿಂಗಳ ಒಂದು ಸಂಜೆ ಖಜಾಂಚಿಯವರು ಸೋತರು. "ಒಬ್ಬನಿಗೆ. ಇಬ್ಬರಿಗೆ ಆಗುದಿಲ್ಲ. ಹಿರಿಯರಲ್ಲಿ ನಾನು ಮಾತಾಡ್ತೇನೆ. ಇನ್ನು ನನ್ನ ಜಗಲಿಗೆ ಬರ್ಬೇಡಿ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೇನೆ."

"ಎಂತಕ್ಕೆ ಅಂತ ಬರೀತೀರಿ?" ಎಂದು ಮಾಸ್ಟ್ರು ಕೇಳಿದರು. "ದಾನ ಅಂತಲೋ?"

"ಸಂಬಳ ಅಂತ."

ಮುಂದಿನ ಕೂಟದಲ್ಲಿ ಹಿರಿಯರು ಒಪ್ಪಿದರು. ಆರ್ಗನ್ ನುಡಿಸುವವನಿಗೆ, ಹಾಡು ಕಲಿಸುವುದಕ್ಕೂ ಸೇರಿಸಿ, ತಿಂಗಳ ಸಂಬಳ. ಸುದ್ದಿ ಹೇಳಲು ನಾನು ಓಡಿ ಹೋದಾಗ ಮಾಸ್ಟ್ರು ಹಾಸಿಗೆಯಲ್ಲಿದ್ದರು. ಜ್ವರದಲ್ಲಿ ಮೈ ಸುಡುತ್ತಿತ್ತು. ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. "ಕೇಳಿತು. ಕೂಗಬೇಡ, ದೇವರಿಗೆ ಕಿವಿ ಉಂಟು" ಎಂದರು. ಆಮೇಲೆ ತುಂಬ ಮೆಲ್ಲನೆ, "ಎಸ್ರ ಇನ್ನು ಸ್ವಲ್ಪ ಕಾಯ್ಬೇಕಿತ್ತು" ಎಂದು ಗೋಡೆಯ ಕಡೆ ತಿರುಗಿದರು.

ಆ ವಾರದಲ್ಲೇ ಅವರು ತೀರಿಕೊಂಡರು. ನಾನು ಸಂಬಳದ ಮೇಲೆ ನುಡಿಸಿದ ಮೊದಲ ಹಾಡು ಅವರ ಶವಪೆಟ್ಟಿಗೆಯ ಮುಂದೆ. ಮಳೆಯ ತೇವಕ್ಕೆ ಆರ್ಗನ್ನಿನ ಸ್ವರದ ಮಣೆಗಳು ಅಂಟಿಕೊಂಡಿದ್ದವು. ಒತ್ತಿದ ಮಣೆ ಮೇಲೇಳಲು ತಡ ಮಾಡುತ್ತಿತ್ತು. ಹಾಡಿದವರು ಕೆಲವೇ ಮಂದಿ. ಕೆಳಗಿನ ಸ್ವರ ಹಿಡಿಯಲು ಯಾರೂ ಇರಲಿಲ್ಲ.

ತಿಂಗಳು ಮುಗಿದ ಮೇಲೆ ಖಜಾಂಚಿಯವರು ತಾವೇ ಮಾಸ್ಟ್ರ ಮನೆಗೆ ಬಂದರು. ನಾನು ಆಗ ಅಮ್ಮನಿಗೆ ಸೌದೆ ಒಡೆಯುತ್ತಿದ್ದೆ. ಸಂಬಳವನ್ನು ಕೈವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಅವರ ದನಿ ಇಳಿದಿತ್ತು.

"ನೋಡು, ಮಾಸ್ಟ್ರ ಮಣ್ಣಿನ ದಿನದ್ದೂ ಇದರಲ್ಲಿ ಉಂಟು. ಅದು ಮಾತ್ರ ಬೇಡ ಅಂತ ನಿನಗೆ ಮನಸ್ಸಿದ್ರೆ ಹೇಳು. ನಾನು ತಪ್ಪು ತಿಳ್ಕೊಳ್ಳುದಿಲ್ಲ."

ನನಗೆ ಬೇಡವೇ ಆಗಿತ್ತು. ಮಾಸ್ಟ್ರ ಹೆಣದ ಮುಂದೆ ನುಡಿಸಿದ್ದಕ್ಕೆ ಸಂಬಳವೇ? ಬೇಡ ಎನ್ನಲು ಬಾಯಿ ತೆರೆದೆ.

ಅಮ್ಮ ಬಾಗಿಲಲ್ಲಿ ನಿಂತಿದ್ದರು. "ತಕ್ಕೊ ಮಗಾ" ಎಂದರು. "ಒಂದು ದಿನದ್ದನ್ನು ನೀನು ಬಿಟ್ರೆ ನಾಳೆ ಎಲ್ಲಾ ದಿನದ್ದನ್ನೂ ಬಿಡು ಅಂತಾರೆ. ಅವರು ಮಳೆಗೆ ಕೂತದ್ದು ಅದಕ್ಕಲ್ಲ."

ಖಜಾಂಚಿಯವರು ತಲೆ ತಗ್ಗಿಸಿದರು. ನಾನು ಕೊಡಲಿ ಕೆಳಗಿಟ್ಟು, ಅಂಗೈಯನ್ನು ಪಂಚೆಗೆ ಒರೆಸಿ ಮುಂದೆ ಚಾಚಿದೆ. ಮಾಸ್ಟ್ರ ಮಣ್ಣಿನ ದಿನದ್ದನ್ನೂ ಸೇರಿಸಿ ಎಣಿಸಿಕೊಂಡೆ.